ಬ್ಯಾಟರಿ ನೋಡುವ ಗುರುಲಿಂಗಮ್ಮ

ಬೆಳಗಿನ ಆರಕ್ಕೆ ನಮ್ಮ ಓಣಿಯಲ್ಲಿ ಯಾರದಾದರೂ ಬಾಗಿಲು ಬಡಿದ ಸದ್ದಾದರೆ ಊಹೆ ಎರಡೇ. ಒಂದು ಹಾಲಿನವನು, ಇನ್ನೊಂದು ಗುರುಲಿಂಗಮ್ಮ. ಹಾಲಿನವನು ಹೊಸ್ತಿಲ ಹೊರಗೇ ನಿಲ್ಲುತ್ತಾನೆ. ಗುರುಲಿಂಗಮ್ಮ ಮಾತ್ರ ನೇರ ಒಳಗೆ ಬಂದು, ಇನ್ವರ್ಟರ್ ಇಟ್ಟ ಮೂಲೆಯಲ್ಲಿ ನೆಲಕ್ಕೆ ಕುಂತು, ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುವಲು ಹತ್ತುತ್ತಾರೆ. ಮನೆಯವರು ಹಾಸಿಗೆ ಬಿಟ್ಟು ಎದ್ದಿದ್ದಾರೋ ಇಲ್ಲವೋ ಎಂಬುದು ಅವರಿಗೆ ಸಂಬಂಧಪಡದ ವಿಷಯ. ಒಂದು ಸಲ ನಾನು ಸಿಟ್ಟಿಗೆದ್ದು, ಬ್ಯಾಟರಿ ಒಂಬತ್ತು ಗಂಟೆಗೆ ಎಲ್ಲಿಗಾದರೂ ಓಡಿಹೋಗುತ್ತದೆಯೇ ಎಂದು ಕೇಳಿದ್ದೆ. ಎಂಟಕ್ಕೆ ಕರೆಂಟು ಹೋಗುತ್ತದೆ, ಆಮೇಲೆ ಅದು ದುಡಿಯಲು ಶುರು ಮಾಡುತ್ತದೆ, ದುಡಿಯುವಾಗ ಅದನ್ನು ಮಾತಾಡಿಸಬಾರದು ಎಂದರು. ಅಷ್ಟು ಗಂಭೀರವಾಗಿ ಹೇಳಿದ ಮೇಲೆ ನಾನು ಚಹಾಕ್ಕೆ ನೀರಿಟ್ಟೆ.

ನಾನು ಶುಭಾ. ಶಹಾಬಾದದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಗುರುಲಿಂಗಮ್ಮನವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರಿಗೆ ಅರವತ್ನಾಲ್ಕು ವರ್ಷ. ಹುಟ್ಟಿದ್ದು ರಾವೂರಿನಲ್ಲಿ. ಚಿತ್ತಾಪುರದ ಒಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದರು. ದಿನಾ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರ ಮುಟ್ಟುತ್ತಿದ್ದರು. ಓದಿದ್ದು ಏಳನೇ ಇಯತ್ತೆ. ಆದರೆ ಯಾವ ಬಾಟಲಿಯಲ್ಲಿ ಏನಿದೆ, ಯಾವುದಕ್ಕೆ ಯಾವುದನ್ನು ಬೆರೆಸಿದರೆ ಯಾವ ಬಣ್ಣ ಬರುತ್ತದೆ ಎಂಬುದು ಅವರಿಗೆ ಅಡುಗೆಮನೆಯ ಡಬ್ಬಿಗಳಷ್ಟೇ ಪರಿಚಯ. ಹೊಸದಾಗಿ ಬಂದ ಮಾಸ್ತರರು ಮೊದಲು ಅವರನ್ನು ಕೇಳಿಕೊಂಡು ಆಮೇಲೆ ಮಕ್ಕಳಿಗೆ ಪಾಠ ಮಾಡುತ್ತಿದ್ದರಂತೆ. ಇದನ್ನು ಹೇಳಿದ್ದು ಅವರೇ, ಹಾಗಾಗಿ ನಾನು ಅರ್ಧ ಮಾತ್ರ ನಂಬಿದ್ದೇನೆ.

ನಿವೃತ್ತಿಯ ದಿನ ಶಾಲು ಹೊದಿಸಲು ಬಂದ ಹೆಡ್‌ಮಾಸ್ತರರಿಗೆ ಶಾಲು ಬೇಡ, ಲ್ಯಾಬಿನ ಹೈಡ್ರೋಮೀಟರ್ ಕೊಡಿ ಎಂದರಂತೆ. ಅದು ಸರ್ಕಾರದ ವಸ್ತು, ಕೊಡಲು ಬರುವುದಿಲ್ಲ. ಪಾಪ, ಹೆಡ್‌ಮಾಸ್ತರರು ಕಲಬುರಗಿಯಿಂದ ಹೊಸದೊಂದನ್ನು ತರಿಸಿ ಕೊಟ್ಟರು. ಒಂದು ಗಾಜಿನ ಕೊಳವೆ, ಮೇಲೆ ಹಿಚುಕಲು ರಬ್ಬರಿನ ಬುಗ್ಗೆ, ಒಳಗೆ ತೇಲುವ ಇನ್ನೊಂದು ಸಣ್ಣ ಗಾಜು, ಅದರ ಮೈಮೇಲೆ ಅಂಕಿಗಳು. ಇಷ್ಟೇ. ಬುಗ್ಗೆ ಹಿಚುಕಿ ಬಿಟ್ಟರೆ ಬ್ಯಾಟರಿಯ ಆಸಿಡ್ ಕೊಳವೆಗೆ ಏರುತ್ತದೆ. ಬ್ಯಾಟರಿ ತುಂಬಿದ್ದರೆ ಆಸಿಡ್ ಭಾರ ಇರುತ್ತದೆ, ತೇಲುಗಾಜು ಎತ್ತರಕ್ಕೆ ನಿಂತು 1250 ತೋರಿಸುತ್ತದೆ. ಚಾರ್ಜು ಖರ್ಚಾದಂತೆ ಆಸಿಡ್ಡಿನ ಸತ್ವವೆಲ್ಲ ಒಳಗಿನ ಪ್ಲೇಟುಗಳಿಗೆ ಹೋಗಿ ಉಳಿಯುವುದು ತೆಳು ನೀರು. ಗಾಜು ಮುಳುಗುತ್ತ ಬರುತ್ತದೆ. 1180ಕ್ಕೆ ಬಂತೆಂದರೆ ಅರ್ಧ ಉಳಿದಿದೆ ಎಂದು ಲೆಕ್ಕ.

ಕಾರಿನ ಬ್ಯಾಟರಿ ಒಂದೇ ಸಲ ಜೋರಾಗಿ ಒದ್ದು ಸುಮ್ಮನಾಗುತ್ತದೆ. ಇನ್ವರ್ಟರಿನದು, ಸೋಲಾರಿನದು, ಬ್ಯಾಟರಿ ಆಟೋದ್ದು ಹಾಗಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ಕೊಡುತ್ತ ಆಳಕ್ಕೆ ಇಳಿದು, ರಾತ್ರಿ ಮತ್ತೆ ತುಂಬಿಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ಆದರೂ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಮುಗಿಯುತ್ತದೆ. ಗುರುಲಿಂಗಮ್ಮನವರ ಪ್ರವಚನದ ಸಾರ ಇದು. ನಾನು ಇದನ್ನು ನೂರು ಸಲವಾದರೂ ಕೇಳಿದ್ದೇನೆ, ನಮ್ಮದೂ ಸೇರಿ ಹನ್ನೆರಡು ಮನೆಗಳವರು ಕೇಳಿದ್ದಾರೆ. ಒಂದೊಂದು ಮನೆಗೂ ಅವರ ವಹಿಯಲ್ಲಿ ಒಂದೊಂದು ಪುಟ. ಒಂದು ಬ್ಯಾಟರಿಗೆ ಆರು ಸೆಲ್, ಆರು ಅಂಕಿ. ಪ್ರತಿ ತಿಂಗಳು ಬರೆಯಬೇಕು, ಚಾರ್ಜಿಂದ ಎದ್ದ ತಕ್ಷಣ ನೋಡಬಾರದು. ಉಂಡು ಎದ್ದವನ ಹಸಿವು ಕೇಳಿದರೆ ಏನು ಗೊತ್ತಾಗುತ್ತದೆ ಎನ್ನುತ್ತಿದ್ದರು. ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ. ಇದರಲ್ಲಿ ಈ ಹೆಂಗಸಿಗೆ ಸಿಗುವುದಾದರೂ ಏನು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಕೇಳಿದಾಗ, ಒಳಗ ಏನು ನಡದದ ಅಂತ ಹೊರಗಿಂದ ಗೊತ್ತಾಗ್ತದಲ್ಲ, ಅದು ನನಗ ಭಾಳ ಚಂದ ಅನಸ್ತದ ಎಂದರು.

ನೋಡಿ ಹೋಗುವುದಷ್ಟೇ ಅಲ್ಲ, ಬ್ಯಾಟರಿಗೆ ಬೇಕಾದ ನೀರನ್ನೂ ಅವರೇ ಕೊಡುತ್ತಿದ್ದರು. ಅಂಗಡಿಯ ಡಿಸ್ಟಿಲ್ಡ್ ನೀರಿನ ಮೇಲೆ ಅವರಿಗೆ ವಿಶ್ವಾಸವಿಲ್ಲ. ಯಾವುದೋ ಊರಲ್ಲಿ ಅಂಗಡಿಯವನೊಬ್ಬ ನಲ್ಲಿಯ ಕೆಳಗೆ ಬಾಟಲಿ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಅದಕ್ಕೆ ಸ್ವಾತಿ ಮಳೆಯ ನೀರು ಹಿಡಿದಿಡುತ್ತಿದ್ದರು. ದೀಪಾವಳಿಯ ಆಸುಪಾಸಿನಲ್ಲಿ ಆ ಮಳೆ ಬಂದರೆ ಸಾಕು, ಎಷ್ಟು ಹೊತ್ತಿದ್ದರೂ ಎದ್ದು, ಸೆರಗು ಸಿಕ್ಕಿಸಿ, ಮಾಳಿಗೆಯಿಂದ ಇಳಿಯುವ ನೀರಿಗೆ ಪ್ಲಾಸ್ಟಿಕ್ ಕ್ಯಾನು ಒಡ್ಡುವುದು. ರಾವೂರಿನಲ್ಲಿ ಅವರ ತಾಯಿ ಸ್ವಾತಿ ನೀರಿನಿಂದಲೇ ಹಾಲಿಗೆ ಹೆಪ್ಪು ಹಾಕುತ್ತಿದ್ದರು, ವರ್ಷಗಟ್ಟಲೆ ಇಟ್ಟರೂ ಆ ನೀರು ಕೆಡುವುದಿಲ್ಲ ಎಂದು ನಮ್ಮ ಕಡೆ ಎಲ್ಲರ ನಂಬಿಕೆ. ಅದರ ಮೇಲೆ ಗುರುಲಿಂಗಮ್ಮನವರು ತಮ್ಮ ಲ್ಯಾಬಿನ ಬುದ್ಧಿಯನ್ನೂ ಸೇರಿಸಿದ್ದರು. ಮುಂಗಾರಿನ ಮಿರಗದ ಮಳೆಯಿಂದ ಹಿಡಿದು ಅಷ್ಟೂ ಮಳೆ ಆಕಾಶದ ಧೂಳನ್ನೂ ಮಾಳಿಗೆಯ ಧೂಳನ್ನೂ ತೊಳೆದು ಹೋಗಿರುತ್ತವೆ, ಸ್ವಾತಿಯ ಹೊತ್ತಿಗೆ ಬೀಳುವುದು ಬರೀ ನೀರು, ಡಿಸ್ಟಿಲ್ಡ್ ಎಂದರೂ ಅದೇ ಅಲ್ಲವೇ ಎಂದು. ನನಗೂ ಸರಿ ಎನಿಸಿತ್ತು. ನಮ್ಮ ಬ್ಯಾಟರಿಯೂ ಅದನ್ನೇ ಕುಡಿಯುತ್ತಿತ್ತು.

ಇನ್ನು ಅತೀಯಾಳ ವಿಷಯ. ನಮ್ಮಿಂದ ಮೂರನೇ ಮನೆ ಅವರದು. ಗಂಡ ಚಾಂದ್ ಕಲ್ಲಿನ ಯಾರ್ಡಿನಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಪಾಲಿಶ್ ಮಾಡುವ ಕೆಲಸದವನು, ಮಾವ ಶೌಕತ ಅಲಿ ನಲವತ್ತು ವರ್ಷ ಫರಸಿ ಕಡಿದು ಈಗ ಮನೆಯಲ್ಲಿರುವವರು. ಅತೀಯಾಳೂ ಆರು ವರ್ಷ ಅದೇ ಯಾರ್ಡಿನಲ್ಲಿ ಫರಸಿ ಹೊತ್ತು, ಲಾರಿಗೆ ಏರಿಸಿ, ಮೂವತ್ತಕ್ಕೇ ನಡು ಹಿಡಿದುಕೊಂಡು ಕೂತವಳು. ಎರಡು ವರ್ಷದ ಹಿಂದೆ ಹಟ ಹಿಡಿದು ಬ್ಯಾಟರಿ ಆಟೋ ತೆಗೆದುಕೊಂಡಳು. ಸ್ಟೇಷನ್ನಿನಿಂದ ಯಾರ್ಡಿಗೆ, ಯಾರ್ಡಿನಿಂದ ಶಾಲೆಗೆ, ಸಂಜೆ ಮತ್ತೆ ಶಾಲೆಯಿಂದ ಸ್ಟೇಷನ್ನಿಗೆ. ನಾನೂ ಅದರಲ್ಲೇ ಹೋಗಿಬರುತ್ತಿದ್ದೆ. ಗಾಡಿ ಬಂದ ಮೇಲೆ ಅವಳ ನಡೆಯೇ ಬದಲಾಗಿತ್ತು, ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ ನಗುತ್ತ ಮಾತಾಡುತ್ತಿದ್ದಳು.

ಗಾಡಿಯ ಸೀಟಿನ ಕೆಳಗೆ ನಾಲ್ಕು ಬ್ಯಾಟರಿ. ಮೊದಲ ಸೆಟ್ ಹತ್ತು ತಿಂಗಳಿಗೇ ಸತ್ತಿತು. ಒಂದೂವರೆ ವರ್ಷವಾದರೂ ಬರಬೇಕಾಗಿತ್ತು. ಎರಡನೆಯ ಸೆಟ್ ಹಾಕಿ ವರ್ಷ ತುಂಬುವ ಮೊದಲೇ ಅದೇ ರೋಗ. ರಾತ್ರಿಯಿಡೀ ಚಾರ್ಜಿಗೆ ಇಟ್ಟು ಬೆಳಿಗ್ಗೆ ತೆಗೆದರೆ ಗೇಜಿನಲ್ಲಿ ಐದೂ ಹಸಿರು ದೀಪ. ಮಧ್ಯಾಹ್ನ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿ ಬಂದರೆ ಮೂರೇ. ನಿಂತಲ್ಲೇ ಕರಗುತ್ತಿತ್ತು. ಸಂಜೆಯ ಟ್ರಿಪ್ಪು ಮುಟ್ಟುತ್ತದೋ ಇಲ್ಲವೋ ಎಂದು ಅವಳಿಗೆ ದಿನಾ ಎದೆ ಡವಡವ. ಒಂದು ಸಂಜೆ ರೈಲು ಗೇಟಿನ ಹತ್ತಿರ ನಾನೂ ನಾಲ್ಕು ಹುಡುಗಿಯರೂ ಇಳಿದು ಗಾಡಿ ದೂಡಿದೆವು. ಹಿಂದೆ ಲಾರಿಗಳ ಹಾರ್ನ್, ನನ್ನ ಸೀರೆಯ ತುಂಬ ಬಿಳಿ ಧೂಳು. ಸಿಟ್ಟಿನಲ್ಲಿ ನಾನು, ಚಾರ್ಜು ನೋಡಿಕೊಂಡು ಜನ ತುಂಬಿಸಬಾರದೇನವ್ವ ಎಂದುಬಿಟ್ಟೆ. ಮರುದಿನದಿಂದ ಅವಳು ಐವರ ಬದಲು ಮೂವರನ್ನೇ ಕೂರಿಸತೊಡಗಿದಳು. ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆಯಲ್ಲಿ ಅವಳ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಚಾಂದ್ ಪ್ರಕಾರ ಅವಳಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಶೌಕತ ಅಲಿಯವರ ಪ್ರಕಾರ ತಪ್ಪೆಲ್ಲ ಫರಸಿಯದು. ಮನೆಯ ಮುಂದಿನ ಫರಸಿ ನೆಲದ ಮೇಲೆ ಗಾಡಿ ನಿಲ್ಲುತ್ತದೆ, ಬ್ಯಾಟರಿಗಳನ್ನು ಕೆಳಗಿಳಿಸಿ ಅದೇ ನೆಲದ ಮೇಲಿಟ್ಟು ಚಾರ್ಜು ಮಾಡುತ್ತಾರೆ, ಕಲ್ಲು ಕರೆಂಟು ಎಳೆದುಕೊಳ್ಳುತ್ತದೆ ಎಂದು. ಬರೀ ನೆಲದ ಮೇಲೆ ಮಲಗಿದರೆ ಮೈಯ ಬಿಸಿಯನ್ನೇ ಎಳೆದುಕೊಳ್ಳುವ ಕಲ್ಲು ಇದು, ನಲವತ್ತು ವರ್ಷ ನೋಡಿದ್ದೇನೆ ಎನ್ನುತ್ತಿದ್ದರು. ಇದು ಅವರೊಬ್ಬರ ಮಾತಲ್ಲ, ಶಹಾಬಾದದಲ್ಲಿ ಅರ್ಧ ಊರು ಇನ್ವರ್ಟರ್ ಬ್ಯಾಟರಿಯ ಕೆಳಗೆ ಹಲಗೆ ಇಟ್ಟಿದೆ. ಕಲ್ಲಿನಿಂದಲೇ ಬದುಕುವ ಊರು ಕಲ್ಲಿನ ಮೇಲೇ ಕಳ್ಳತನ ಹೊರಿಸಿದ್ದು ನನಗೆ ತಮಾಷೆ ಎನಿಸುತ್ತಿತ್ತು.

ತಮಾಷೆ ಮುಗಿದದ್ದು ಶೌಕತ ಅಲಿ ಗಾಡಿಗೆ ಗಿರಾಕಿ ನೋಡಿದಾಗ. ಸೇಡಂ ಕಡೆಯವನು. ಅಮಾವಾಸ್ಯೆ ಕಳೆಯದೆ ವಾಹನ ಕೊಳ್ಳುವುದಿಲ್ಲ, ಕಳೆದ ಮೇಲೆ ಬಂದು ಒಯ್ಯುತ್ತೇನೆ ಎಂದಿದ್ದನಂತೆ. ಅಮಾವಾಸ್ಯೆಗೆ ಹದಿನಾರು ದಿನ ಉಳಿದಿತ್ತು. ಗಾಡಿ ಹೋದರೆ ಅತೀಯಾ ಮತ್ತೆ ಯಾರ್ಡಿಗೇ ಹೋಗಬೇಕು, ಅದೇ ಫರಸಿ ಹೊರಬೇಕು. ಅವಳು ಇದನ್ನು ಗುರುಲಿಂಗಮ್ಮನವರ ಕಟ್ಟೆಯ ಮೇಲೆ ಕೂತು ಬಹಳ ಸಾದಾ ದನಿಯಲ್ಲಿ ಹೇಳಿದಳು. ಗುರುಲಿಂಗಮ್ಮ ಕನ್ನಡಕ ಒರೆಸಿಕೊಂಡು, ಕಲ್ಲು ಎಳೀತದೋ ಇಲ್ಲೋ ಅದನ್ನು ಕೇಳೋದ್ಯಾಕ, ಅಳದು ನೋಡೋಣ ಎಂದರು.

ಗುರುವಾರ ಸಂಜೆ ನಾಲ್ಕೂ ಬ್ಯಾಟರಿ ಪೂರ್ತಿ ಚಾರ್ಜು ಮಾಡಿಸಿದರು. ವೈರು ಬಿಚ್ಚಿಸಿದರು. ಎರಡನ್ನು ಬರೀ ಫರಸಿಯ ಮೇಲೆ, ಎರಡನ್ನು ಸಾಗವಾನಿ ಹಲಗೆಯ ಮೇಲೆ ಇಡಿಸಿದರು. ಎರಡು ತಾಸು ಬಿಟ್ಟು ಇಪ್ಪತ್ನಾಲ್ಕು ಸೆಲ್ಲುಗಳ ಅಂಕಿ ಬರೆದುಕೊಂಡರು. ಶುಕ್ರವಾರ ಗಾಡಿ ಹೊರಡಲಿಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ಶೌಕತ ಅಲಿ, ಚಾಂದ್, ಅತೀಯಾ, ನಾನು ಎಲ್ಲರೂ ಸುತ್ತ ನಿಂತಿದ್ದೆವು. ಯಾರಿಗೂ ಮುಖ ತೊಳೆಯುವ ವ್ಯವಧಾನವಿರಲಿಲ್ಲ, ಅಷ್ಟು ಕುತೂಹಲ. ಕಲ್ಲಿನ ಮೇಲಿನವು 1250ರಿಂದ 1215ಕ್ಕೆ ಇಳಿದಿದ್ದವು. ಹಲಗೆಯ ಮೇಲಿನವೂ 1215. ಒಂದೆರಡು ಸೆಲ್ಲಿನಲ್ಲಿ ಹಲಗೆಯವೇ ಇನ್ನಷ್ಟು ಕೆಳಗೆ.

ಶೌಕತ ಅಲಿ ಹಲಗೆಯನ್ನು ತಿರುವಿ ಮುರುವಿ ನೋಡಿದರು. ಗುರುಲಿಂಗಮ್ಮ ಮಾತ್ರ ಬೇರೆಯೇ ಯೋಚನೆಗೆ ಬಿದ್ದಿದ್ದರು. ಕಲ್ಲು ತಪ್ಪು ಮಾಡಿಲ್ಲ ಎಂಬುದು ಸರಿ. ವೈರು ಬಿಚ್ಚಿದ್ದರಿಂದ ಗಾಡಿಯದೂ ತಪ್ಪಿಲ್ಲ, ಹೊಡೆಯುವವಳದೂ ಇಲ್ಲ. ಹಾಗಿದ್ದರೂ ಯಾರೂ ಮುಟ್ಟದ ಬ್ಯಾಟರಿ ಎರಡು ರಾತ್ರಿಯಲ್ಲಿ ಕಾಲುಭಾಗ ಖಾಲಿಯಾಗಿದೆ. ಒಂದು ಕೆಟ್ಟಿದ್ದರೆ ಕಾರ್ಖಾನೆಯ ದೋಷ ಎನ್ನಬಹುದು, ನಾಲ್ಕೂ ಒಂದೇ ತರಹ ಇಳಿದರೆ ಕಳ್ಳ ಒಳಗೇ ಇದ್ದಾನೆ ಎಂದರು. ಚಹಾ ಕೂಡ ಕುಡಿಯದೆ ಮನೆಗೆ ಹೋದರು.

ಮನೆಗೆ ಹೋದವರು ತಮ್ಮ ಇನ್ವರ್ಟರಿನ ಬ್ಯಾಟರಿಯ ವೈರನ್ನೂ ಬಿಚ್ಚಿ ಎರಡು ದಿನ ಸುಮ್ಮನೆ ಬಿಟ್ಟರು. ಆ ಎರಡೂ ದಿನ ಕರೆಂಟು ಹೋದಾಗಲೆಲ್ಲ ಅವರ ಯಜಮಾನರು ರೇವಣಸಿದ್ದಯ್ಯನವರು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಗೋಡೆಯಾಚೆಯಿಂದ ನನಗೆ ಕೇಳಿಸುವಂತೆ ಗೊಣಗುತ್ತಿದ್ದರು. ಮೂರನೆಯ ದಿನ ಗುರುಲಿಂಗಮ್ಮ ಅಳೆದರು. ಅವರ ಬ್ಯಾಟರಿಯೂ ಇಳಿದಿತ್ತು. ಇಷ್ಟು ದಿನ ಯಾಕೆ ತಿಳಿಯಲಿಲ್ಲ ಎಂದರೆ, ಇನ್ವರ್ಟರ್ ಸದಾ ಕರೆಂಟಿಗೆ ಅಂಟಿಕೊಂಡಿರುತ್ತದೆ, ಸೋರಿದ್ದನ್ನೆಲ್ಲ ಅದು ಅಲ್ಲಲ್ಲೇ ತುಂಬಿಸುತ್ತಿತ್ತು. ಅವರು ಬೆಳಿಗ್ಗೆ ಬಂದು ನೋಡಿದಾಗಲೆಲ್ಲ ಅಂಕಿ ಸರಿಯಾಗಿಯೇ ಇರುತ್ತಿತ್ತು.

ಅತೀಯಾಳ ಬ್ಯಾಟರಿ ಬೇರೆ ಕಂಪನಿಯದು, ಇವರದು ಬೇರೆ. ಕೆಲಸವೂ ಬೇರೆ. ಎರಡಕ್ಕೂ ಒಂದೇ ಆಗಿರುವುದು ಏನು? ಇದನ್ನು ಅವರು ನನ್ನನ್ನು ಕೇಳಿದಾಗ ನಾನು ಹಿತ್ತಲಿನ ಕ್ಯಾನುಗಳ ಕಡೆ ನೋಡಿದೆ. ಅವರೂ ನೋಡಿದರು. ಎರಡಕ್ಕೂ ಹೋಗುತ್ತಿದ್ದುದು ಅದೇ ನೀರು. ಕ್ಯಾನುಗಳ ಮೇಲೆ ಮಾಳಿಗೆಯ ತಗಡಿನ ಪತ್ರಾದ ಅಂಚು ಚಾಚಿತ್ತು. ನಾಲ್ಕು ವರ್ಷದ ಹಿಂದೆ ಹಳೆಯ ಕಲ್ಲಿನ ಮಾಳಿಗೆ ಸೋರುತ್ತದೆಂದು ಅದರ ಮೇಲೆ ಪತ್ರಾ ಹೊದಿಸಿದ್ದರು, ಯಾರದೋ ಮನೆಯಿಂದ ಬಿಚ್ಚಿ ತಂದ ಹಳೇ ಮಾಲು. ಮೊಳೆ ಹೊಡೆದ ಕಡೆಯೆಲ್ಲ ತುಕ್ಕು.

ಮರುದಿನ ಎರಡು ಸಣ್ಣ ಬಾಟಲಿ ಹಿಡಿದುಕೊಂಡು ಚಿತ್ತಾಪುರಕ್ಕೆ ಹೊರಟರು. ಒಂದರಲ್ಲಿ ಸ್ವಾತಿ ನೀರು, ಇನ್ನೊಂದರಲ್ಲಿ ಅವರೇ ಇಷ್ಟು ವರ್ಷ ಬೈದ ಅಂಗಡಿಯ ನೀರು. ರವಿವಾರವಲ್ಲದಿದ್ದರೂ ನಾನು ರಜೆ ಹಾಕಿ ಜೊತೆಗೆ ಹೋದೆ. ಏನಾಗುತ್ತದೆ ಎಂದು ತಿಳಿಯದೆ ಪಾಠ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸುವಾಗ ಅವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಶಾಲೆಯ ಲ್ಯಾಬಿನಲ್ಲಿ ಈಗಿನ ವಿಜ್ಞಾನದ ಟೀಚರು ಅವರನ್ನು ಕಂಡು ಕುರ್ಚಿ ಬಿಟ್ಟು ಎದ್ದರು. ಅರ್ಧ ಮಾತ್ರ ನಂಬಿದ್ದ ಆ ಸುದ್ದಿಯನ್ನು ನಾನು ಅಂದು ಪೂರ್ತಿ ನಂಬಿದೆ. ಗುರುಲಿಂಗಮ್ಮ ಯಾರನ್ನೂ ಕೇಳದೆ ಎರಡನೆಯ ಕಪಾಟಿನ ಕೆಳಗಿನ ಅರೆಯಿಂದ ಒಂದು ಬಾಟಲಿ ತೆಗೆದರು. ನೀರಿನಲ್ಲಿ ಕಬ್ಬಿಣವಿದೆಯೋ ಇಲ್ಲವೋ ನೋಡುವ ಔಷಧ ಅದು, ಇದ್ದರೆ ಕೆಂಪಾಗುತ್ತದೆ. ಎರಡು ಗಾಜಿನ ನಳಿಗೆಗಳಲ್ಲಿ ಎರಡು ನೀರು, ಎರಡಕ್ಕೂ ಒಂದೊಂದು ಹನಿ ಆಸಿಡ್, ಆಮೇಲೆ ಈ ಔಷಧ. ಅಂಗಡಿಯ ನೀರು ಇದ್ದ ಹಾಗೇ ಇತ್ತು. ಸ್ವಾತಿ ನೀರು ನೋಡನೋಡುತ್ತಿದ್ದಂತೆ ಕುಂಕುಮ ಕದಡಿದಂತೆ ಕೆಂಪಾಯಿತು.

ಮೂವತ್ತೊಂದು ವರ್ಷ ಮಕ್ಕಳು ಆ ಬಣ್ಣ ಕಂಡು ಖುಷಿಪಟ್ಟದ್ದನ್ನು ನೋಡಿದವರು ಅವರು. ಅಂದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಬ್ಯಾಟರಿಯೊಳಗೆ ಕಬ್ಬಿಣದ ಅಂಶ ಚೂರು ಸೇರಿದರೂ ಅದು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಓಡಾಡುತ್ತ ಚಾರ್ಜನ್ನು ತಿಂದುಹಾಕುತ್ತದೆ, ಗಾಡಿ ನಿಂತಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ ಎಂದು ಟೀಚರು ಬಿಡಿಸಿ ಹೇಳಿದರು. ಗುರುಲಿಂಗಮ್ಮ ತಲೆಯಾಡಿಸಿದರು. ನಳಿಗೆಗಳನ್ನು ತಾವೇ ತೊಳೆದು, ಒರೆಸಿ, ಬೋರಲು ಹಾಕಿ ಇಟ್ಟರು.

ವಾಪಸು ಬರುವಾಗ ವಾಡಿಯಲ್ಲಿ ರೈಲು ತಡ. ಆಗ ನಾನೊಂದು ಮಾತು ಹೇಳಿದೆ. ಈ ಬರಹದಲ್ಲಿ ಅದನ್ನು ಬಿಟ್ಟುಬಿಡಬಹುದಿತ್ತು, ಆದರೆ ಗುರುಲಿಂಗಮ್ಮನವರ ಬಗ್ಗೆ ಬರೆಯಲು ಕೂತು ನಾನು ಒಳ್ಳೆಯವಳಾಗುವುದು ಸರಿಯಲ್ಲ.

“ಅಂಗಡಿಯವರು ಹಳೇ ಬ್ಯಾಟರಿ ಕೊಟ್ಟಾರ ಅಂತ ಹೇಳಿಬಿಡ್ರಿ ಅಮ್ಮಾ. ಆಸಿಡ್ ಬದಲಿ ಮಾಡಿಸಿದ್ರ ಮುಗೀತು. ಉಳಿದ ಮನಿಗಳಿಂದ ನೀರು ಸುಮ್ಮನ ವಾಪಸ್ ತಂದ್ರಾಯ್ತು. ನಿಮ್ಮ ಹೆಸರು ಯಾಕ ಕೆಡಿಸ್ಕೋತೀರಿ?” ಎಂದೆ.

ಅವರು ಹಳಿಯ ಕಡೆ ನೋಡುತ್ತಲೇ ಹೇಳಿದರು:

“ಆಕಿಗಿ ಗಾಡಿ ಹೊಡಿಲಿಕ್ಕ ಬರಂಗಿಲ್ಲ ಅಂತ ಮನ್ಯಾಗ ಎರಡು ವರ್ಷದಿಂದ ಅನ್ನಾಕತ್ತಾರ. ಆಕಿನೂ ಅದನ್ನ ನಂಬ್ಯಾಳ, ಜನ ಕಮ್ಮಿ ಕೂಡಿಸ್ತಾಳ. ನಾ ಬಾಯಿ ಮುಚ್ಕೊಂಡ್ರ ಆ ಮಾತು ಆಕಿ ಮ್ಯಾಲೇ ಉಳೀತದ ಶುಭಾ.”

ರೈಲು ಗೇಟಿನ ಹತ್ತಿರ ನಾನು ಅಂದಿದ್ದೂ ಆ ಮಾತೇ ಆಗಿತ್ತು.

ಅಂದು ಸಂಜೆ ಐದಕ್ಕೆ ಅತೀಯಾಳ ಮನೆಯ ಮುಂದೆ ನಿಂತರು. ಬರ್ರಿ, ಕುಂದ್ರಿ ಎಂದು ಶೌಕತ ಅಲಿ ಕುರ್ಚಿ ಹಾಕಿದರೂ ಕೂರಲಿಲ್ಲ. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳು ನಿಲ್ಲುವುದನ್ನು ದಿನಾ ನೋಡುತ್ತೇನೆ, ಅರವತ್ನಾಲ್ಕರ ಹೆಂಗಸು ಹಾಗೆ ನಿಂತದ್ದನ್ನು ಅಂದೇ ನೋಡಿದ್ದು.

“ಅತೀಯಾ, ನಿನ್ನ ಬ್ಯಾಟ್ರಿ ಕೆಡಿಸಿದಾಕಿ ನಾನು. ನಾ ಕೊಟ್ಟ ನೀರಿನಾಗ ತುಕ್ಕಿತ್ತು. ಮೊದಲಿನ ಸೆಟ್ಟೂ ಅದಕ್ಕೇ ಹೋಯ್ತು, ಇದೂ ಅದಕ್ಕೇ ಹೊಂಟದ. ನೀ ಗಾಡಿ ಛಲೋ ಹೊಡದಿ. ನಿನ್ನ ತಪ್ಪು ಒಂದೂ ಇಲ್ಲ.”

ಚಾಂದ್ ಮುಖ ಆಚೆ ತಿರುವಿದ. ಶೌಕತ ಅಲಿ, ಹಾಗಾದರೆ ಫರಸಿಯದು ಏನೂ ತಪ್ಪಿಲ್ಲವೇ ಎಂದು ಮತ್ತೊಮ್ಮೆ ಕೇಳಿದರು. ಇಲ್ಲ ಎಂದಾಗ ಅವರಿಗೆ ಒಂದು ಕಡೆ ಸಮಾಧಾನ, ಒಂದು ಕಡೆ ಬೇಜಾರು. ಅತೀಯಾ ಮಾತ್ರ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು.

“ಹೋದ ವರ್ಷ ಬ್ಯಾಟ್ರಿ ಹೋದಾಗ ನಾ ನಿಮ್ಮ ಮನಿಗೇ ಬಂದು ಅತ್ತಿದ್ದೆ ಅಮ್ಮಾ,” ಎಂದಳು. “ನೀವು ಚಾ ಕುಡಿಸಿ, ಇನ್ನೊಂದು ಕ್ಯಾನ್ ಅದೇ ನೀರು ಕೊಟ್ಟು ಕಳಿಸಿದ್ರಿ.”

ಹೇಳಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಗುರುಲಿಂಗಮ್ಮ ಮನೆಗೆ ಮರಳಿದರು.

ಅಮಾವಾಸ್ಯೆಗೆ ಒಂಬತ್ತು ದಿನ ಉಳಿದಿತ್ತು. ಮರುದಿನವೇ ಗುರುಲಿಂಗಮ್ಮ ವಾಡಿಯಿಂದ ಭೀಮಶ್ಯಾನನ್ನು ಕರೆತಂದರು. ಬ್ಯಾಟರಿ ರಿಪೇರಿಯಲ್ಲಿ ಕೈ ಪಳಗಿದವನು. ಅವನು ನಾಲ್ಕೂ ಬ್ಯಾಟರಿಗಳ ಹಳೇ ಆಸಿಡ್ಡನ್ನು ಕ್ಯಾನಿಗೆ ಇಳಿಸಿಕೊಂಡು, ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೆದು, ಹೊಸ ಆಸಿಡ್ ತುಂಬಿದ. ಪ್ರತಿ ಬಾಟಲಿ ನೀರನ್ನೂ ಗುರುಲಿಂಗಮ್ಮ ಔಷಧ ಹಾಕಿ ನೋಡಿದ ಮೇಲೆಯೇ ಮುಟ್ಟಲು ಬಿಟ್ಟರು. ಟೀಚರನ್ನು ಕೇಳಿ ಸ್ವಲ್ಪ ತಂದುಕೊಂಡಿದ್ದರು. ಭೀಮಶ್ಯಾ ತಲೆ ಕೆರೆದುಕೊಂಡು, 1250 ಬಂದರೆ ನಿಮ್ಮ ನಸೀಬು, ಮೂರನೇ ಬ್ಯಾಟರಿಯ ಮೇಲೆ ನನಗೆ ಭರವಸೆ ಇಲ್ಲ ಎಂದು ಹೇಳಿ ಹೋದ. ಚಾರ್ಜನ್ನು ಮೂರು ಸಲ ಇಳಿಸಿ ಮೂರು ಸಲ ತುಂಬಿಸಬೇಕಾಗಿತ್ತು. ಆ ದಿನಗಳಲ್ಲಿ ಅತೀಯಾ ಹೈಡ್ರೋಮೀಟರನ್ನು ಇಸಿದುಕೊಂಡು ತಾನೇ ಅಳೆದಳು, ತಾನೇ ಬರೆದಳು. ಗುರುಲಿಂಗಮ್ಮನವರ ಜೊತೆ ಮಾತಿಲ್ಲ. ಇವರೂ ಕಟ್ಟೆಯ ಮೇಲೆ ಕೂತು ದೂರದಿಂದ ನೋಡುವುದಷ್ಟೇ.

ಅಮಾವಾಸ್ಯೆಯ ಮುಂಚಿನ ರವಿವಾರ ಬೆಳಿಗ್ಗೆ ಆರಕ್ಕೆ ನಮ್ಮ ಬಾಗಿಲು ಬಡಿಯಿತು. ಗುರುಲಿಂಗಮ್ಮ ಹೊಸ್ತಿಲ ಹೊರಗೇ ನಿಂತಿದ್ದರು. ನಾನು ಕೊಟ್ಟ ನೀರಲ್ಲಿ ತುಕ್ಕಿತ್ತು, ನಿಮ್ಮ ಬ್ಯಾಟರಿಗೆ ಧಕ್ಕೆಯಾಗಿದೆ, ಉಳಿದ ನೀರು ವಾಪಸು ಕೊಡಿ ಎಂದರು. ಎಲ್ಲ ಗೊತ್ತಿದ್ದ ನನಗೂ ಒಂದಕ್ಷರ ಬಿಡದೆ ಹೇಳಿದರು. ವಹಿಯಲ್ಲಿ ಅತೀಯಾಳನ್ನು ಬಿಟ್ಟು ಹನ್ನೊಂದು ಮನೆಗಳಿದ್ದವು, ನಮ್ಮದು ಮೊದಲನೆಯದು. ಸ್ಟೇಷನ್ ಕಡೆ ಆರು, ಕೊನೆಯದು ರಾವೂರಿನಲ್ಲಿ ತಮ್ಮ ಸಿದ್ಧಲಿಂಗನ ಮನೆಯ ಸೋಲಾರ್ ಬ್ಯಾಟರಿ. ಮೊಳಕಾಲು ನೋವಿನ ಹೆಂಗಸು ಇಷ್ಟೂ ಕಡೆ ನಡೆದು, ಬಸ್ಸು ಹತ್ತಿ ಹೋಗುವುದೆಂದು ಹೊರಟಿದ್ದರು. ನಾನು ಚಪ್ಪಲಿ ಮೆಟ್ಟಿ ಹೊರಬಂದೆ.

ಓಣಿಯ ಮೂಲೆಗೆ ಗಾಡಿ ನಿಂತಿತ್ತು. ಅತೀಯಾ ಮುಂದೆ ನೋಡುತ್ತಲೇ ಹತ್ತಿರಿ ಎಂದಳು. ಗುರುಲಿಂಗಮ್ಮ ಹಿಂದೆಮುಂದೆ ನೋಡಿದರು. ಸುಮ್ಮನೆ ಕೂರಿಸಿಕೊಳ್ಳುತ್ತಿಲ್ಲ, ದಿನಪೂರ್ತಿ ಓಡಿಸಿ ಬ್ಯಾಟರಿ ನೋಡಬೇಕಾಗಿದೆ, ನಿಮ್ಮ ಮನೆಗಳಷ್ಟು ದೂರ ಬೇರೆ ಯಾವ ಬಾಡಿಗೆಯೂ ಇಲ್ಲ ಎಂದಳು. ಮೂವರೂ ಹೊರಟೆವು.

ಮನೆ ಮನೆಯಲ್ಲೂ ಅದೇ ಮಾತು, ಅದೇ ನಿಲುವು. ಕೆಲವರು ಇರಲಿ ಬಿಡ್ರಿ ಎಂದರು. ಒಬ್ಬ ಹೆಣ್ಣುಮಗಳು ಸ್ವಾತಿ ನೀರಿಗೆ ದೋಷ ಹೇಳಬೇಡಿ ಎಂದು ಗುರುಲಿಂಗಮ್ಮನವರಿಗೇ ಬುದ್ಧಿ ಹೇಳಿದರು. ನೀರಿಗೆ ದೋಷವಿಲ್ಲ, ಪತ್ರಾಕ್ಕೆ ಮತ್ತು ನನಗೆ ದೋಷ ಎಂದು ಇವರು ಬಾಟಲಿ ಇಸಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ರಾವೂರು ಮುಟ್ಟಿದೆವು. ಗೇಜಿನಲ್ಲಿ ನಾಲ್ಕು ದೀಪ ಇದ್ದವು, ಅತೀಯಾ ಅದನ್ನು ನಂಬದೆ ಆಗಾಗ ಸೀಟಿನ ಕೆಳಗೆ ಕೈಯಿಟ್ಟು ಬ್ಯಾಟರಿ ಬಿಸಿಯಾಗಿದೆಯೋ ಎಂದು ಮುಟ್ಟಿ ನೋಡುತ್ತಿದ್ದಳು.

ಸಿದ್ಧಲಿಂಗ ತಮ್ಮನಾದರೂ ಬಾಯಿ ದೊಡ್ಡದು. ಅಕ್ಕ ಹೇಳಿ ಮುಗಿಸುವ ಮೊದಲೇ ಶುರುಮಾಡಿದ. ಊರ ಮಂದಿಗೆಲ್ಲ ಶಾಣ್ಯಾತನ ಹೇಳ್ತಿದ್ದಿ, ಇಷ್ಟು ವರ್ಷ ಅಳದಿದ್ದಾದ್ರೂ ಏನು, ಮೊದಲು ನಿನ್ನ ಮನಿ ನೀರು ಅಳೀಬೇಕಿತ್ತು ಎಂದು ಅಂಗಳದಲ್ಲೇ ದನಿ ಏರಿಸಿದ. ಗುರುಲಿಂಗಮ್ಮ ತಲೆ ತಗ್ಗಿಸಿ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು, ಆದರೆ ನನಗಿಂತ ಮೊದಲು ಅತೀಯಾ ಗಾಡಿಯಿಂದ ಇಳಿದಳು.

“ಅಣ್ಣಾರ, ನಂದು ಎಂಟು ಬ್ಯಾಟ್ರಿ. ನಿಮ್ಮದು ಒಂದು. ಬೈಯೋದಿದ್ರ ನಾ ಬೈಬೇಕು. ನಂದು ಬೈದು ಮುಗದದ.”

ಸಿದ್ಧಲಿಂಗ ಒಳಗೆ ಹೋಗಿ ಉಳಿದ ನೀರಿನ ಕ್ಯಾನು ತಂದಿಟ್ಟ. ಅವಳು ಎಲ್ಲಿ ಬೈದಿದ್ದಳು? ಆ ಒಂದು ಮಾತು ಆಡಿ ಬಾಗಿಲು ಹಾಕಿಕೊಂಡಿದ್ದಳು, ಅಷ್ಟೇ. ಗುರುಲಿಂಗಮ್ಮನವರ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂದಿತ್ತು ಎಂದು ಹೇಳಲು ಸಂಕೋಚವೇನಿಲ್ಲ.

ನಾಲ್ಕಕ್ಕೆ ಶಹಾಬಾದ ಮುಟ್ಟಿದೆವು. ದೂಡದೆ, ನಿಲ್ಲದೆ. ಬ್ಯಾಟರಿ ತಣ್ಣಗಾಗಲೆಂದು ಎರಡು ತಾಸು ಬಿಟ್ಟು ಶೌಕತ ಅಲಿಯವರ ಮುಂದೆಯೇ ಅತೀಯಾ ಅಳೆಯಲು ಕೂತಳು. ಒಂದನೆಯದು 1205, ಎರಡನೆಯದು 1200, ನಾಲ್ಕನೆಯದು 1200, ದಿನವಿಡೀ ಓಡಿದ ಮೇಲೂ ಅರ್ಧಕ್ಕಿಂತ ಮೇಲೆ. ಭೀಮಶ್ಯಾ ಹೇಳಿದಂತೆ ಮೂರನೆಯದು ಸೋತಿತ್ತು, 1180. ಅದು ಇನ್ನು ನಾಲ್ಕೈದು ತಿಂಗಳಿಗೆ ಹೋಗಬಹುದು ಎಂದು ಗುರುಲಿಂಗಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಹೋಗಲಿ, ಹೋಗುವುದು ಮೊದಲೇ ತಿಳಿಯುತ್ತದಲ್ಲ ಎಂದು ಅತೀಯಾ ಅಂಕಿ ಬರೆದುಕೊಂಡಳು.

ಶೌಕತ ಅಲಿಗೆ ಅಂಕಿಗಳು ತಿಳಿಯುವುದಿಲ್ಲ. ಅವರು ಸೊಸೆಯ ಮುಖ ನೋಡಿದರು. ಆಮೇಲೆ ಜೇಬಿನಿಂದ ಫೋನು ತೆಗೆದು ಸೇಡಂನವನಿಗೆ ಹಚ್ಚಿ, ತಾವು ಮಾತಾಡದೆ ಅದನ್ನು ಅವಳ ಕೈಗೆ ಕೊಟ್ಟರು. ಗಾಡಿ ನಿಂದು, ನೀನೇ ಹೇಳು ಎಂದರು. ಚಾಂದ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಅತೀಯಾ ಆಸಿಡ್ ತಾಗಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಫೋನು ಹಿಡಿದಳು.

“ಗಾಡಿ ಮಾರಂಗಿಲ್ರಿ,” ಎಂದಳು. “ನಾಳಿಗಿ ಶಾಲಿ ಅದ. ಐದು ಮಂದಿ ಹತ್ತೋರು ಅದಾರ.”